990 ಲೀಟರ್ ಟ್ಯಾಂಕ್, ಪಕ್ಕದಲ್ಲೇ ಇಂಗುಬಾವಿ

ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳ ಜನರೇಟರ್ ಯಾರ್ಡ್‌ಗೆ ಹೋದಾಗ ಡೀಸೆಲ್ ಟ್ಯಾಂಕ್ ಮೇಲಿನ ಅಂಕಿ ಗಮನಿಸಿ. ಬಹಳ ಕಡೆ 990 ಲೀಟರ್ ಅಂತಿರುತ್ತೆ. ಸಾವಿರ ಯಾಕಿಲ್ಲ? 1934ರ ಪೆಟ್ರೋಲಿಯಂ ಕಾಯ್ದೆಯಲ್ಲಿ ಡೀಸೆಲ್ 'ಬಿ' ವರ್ಗಕ್ಕೆ ಬರುತ್ತೆ. ಒಂದು ಜಾಗದಲ್ಲಿ ಒಟ್ಟು 2500 ಲೀಟರ್ ಮೀರದಿದ್ದರೆ, ಅದನ್ನಿಟ್ಟಿರೋ ಯಾವ ಟ್ಯಾಂಕೂ 1000 ಲೀಟರ್‌ಗಿಂತ ದೊಡ್ಡದಿಲ್ಲದಿದ್ದರೆ ಲೈಸೆನ್ಸ್ ಬೇಡ. ಅದಕ್ಕೇ ಹತ್ತು ಲೀಟರ್ ಕಮ್ಮಿ. ಕಾನೂನಿನ ಪ್ರಕಾರ ಇದರಲ್ಲಿ ತಪ್ಪೇನೂ ಇಲ್ಲ. ನನ್ನ ತಕರಾರು ಬೇರೆ. ಆ ಮಿತಿ ಹಾಕಿದ್ದು ಬೆಂಕಿಯ ಭಯಕ್ಕೆ, ಅಂತರ್ಜಲ ಆ ಲೆಕ್ಕದಲ್ಲೇ ಇರಲಿಲ್ಲ. ಲೈಸೆನ್ಸ್ ಬೇಡ ಅಂದದ್ದನ್ನ ನಾವು ಕಾಳಜಿಯೂ ಬೇಡ ಅಂತ ಓದಿಕೊಂಡಿದ್ದೀವಿ.

ಮನೆ ಹತ್ತಿರ ಪೆಟ್ರೋಲ್ ಬಂಕ್ ಬರುತ್ತೆ ಅಂದರೆ ಜನ ಜಗಳಕ್ಕೆ ನಿಲ್ತಾರೆ, ನಿಲ್ಲಲಿ. ಆದರೆ ಬಂಕಿನಲ್ಲಿ ದಿನಾ ಟ್ಯಾಂಕಿನೊಳಗೆ ಡಿಪ್ ರಾಡ್ ಅನ್ನೋ ಅಳತೆ ಕೋಲು ಇಳಿಸಿ ಸ್ಟಾಕ್ ತಾಳೆ ನೋಡ್ತಾರೆ. ನಮ್ಮ ಯಾರ್ಡ್‌ನಲ್ಲಿ ಟ್ಯಾಂಕ್ ಪಕ್ಕದ, ಡೀಸೆಲ್ ಮಟ್ಟ ತೋರಿಸುವ ಪ್ಲಾಸ್ಟಿಕ್ ಟ್ಯೂಬ್ ಕಡೆ ಒಮ್ಮೆ ಕಣ್ಣು ಹಾಯಿಸಿ "ಅರ್ಧ ಇದೆ ಸಾರ್" ಅಂದರೆ ಮುಗೀತು.

ಆ ಟ್ಯೂಬ್ ಇದೆಯಲ್ಲ, ಇಡೀ ಏರ್ಪಾಡಿನಲ್ಲಿ ಅದಷ್ಟು ದುರ್ಬಲ ಭಾಗ ಇನ್ನೊಂದಿಲ್ಲ. ಬಿಸಿಲಿಗೆ ಹಳದಿ ತಿರುಗಿ, ಗಟ್ಟಿಯಾಗಿ, ಕ್ಲಾಂಪ್ ಹಾಕಿದ ಜಾಗದಲ್ಲೇ ಸೀಳು ಬಿಡುತ್ತೆ. ಕೆಳಗಿನ ವಾಲ್ವ್ ಸದಾ ತೆರೆದೇ ಇದ್ದರೆ, ಟ್ಯೂಬ್ ಬಿಚ್ಚಿಕೊಂಡ ರಾತ್ರಿ ಟ್ಯಾಂಕ್ ತಳದವರೆಗೆ ಖಾಲಿ. ಲೆವೆಲ್ ನೋಡಿದ ಮೇಲೆ ಕೆಳಗಿನ ವಾಲ್ವ್ ಬಂದ್ ಮಾಡಿ. ಒತ್ತಿ ಹಿಡಿದಾಗ ಮಾತ್ರ ತೆರೆಯುವ ಸ್ಪ್ರಿಂಗ್ ವಾಲ್ವ್ ಸಿಕ್ಕರೆ ಇನ್ನೂ ಒಳ್ಳೆಯದು.

ಹನಿ ಹನಿ ಸೋರಿಕೆಯನ್ನೂ ಹಗುರಾಗಿ ನೋಡಬೇಡಿ. ಸೆಕೆಂಡಿಗೆ ಒಂದು ಹನಿ ಅಂದರೆ ದಿನಕ್ಕೆ ನಾಲ್ಕು ಲೀಟರ್‌ಗೂ ಹೆಚ್ಚು, ತಿಂಗಳಿಗೆ ಸುಮಾರು 130 ಲೀಟರ್. ಎಲ್ಬೋ, ಯೂನಿಯನ್ ಜಾಯಿಂಟ್‌ಗಳಲ್ಲೇ ಇದು ಜಾಸ್ತಿ. ಡೀಸೆಲ್ ಲೈನಿಗೆ ಜಿ.ಐ. (ಸತು ಲೇಪಿಸಿದ ಕಬ್ಬಿಣ) ಪೈಪ್ ಹಾಕಲೇಬೇಡಿ, ಅದರ ಸತು ಡೀಸೆಲ್ ಜೊತೆ ಸೇರಿ ಸಾಬೂನಿನಂಥ ಗಸಿ ಆಗಿ ಫಿಲ್ಟರ್, ಇಂಜೆಕ್ಟರ್ ಕಟ್ಟಿಕೊಳ್ಳುತ್ತೆ. ಮಾಮೂಲಿ ರಬ್ಬರ್ ವಾಷರ್ ಡೀಸೆಲ್‌ಗೆ ಉಬ್ಬಿ ಹಾಳಾಗುತ್ತೆ, ನೈಟ್ರೈಲ್ ವಾಷರ್ ಕೇಳಿ ತಗೊಳ್ಳಿ. ಮತ್ತೆ ಪೈಪನ್ನ ಮಣ್ಣಲ್ಲಿ ಹೂಳಬೇಡಿ. ಮುಚ್ಚಳ ಎತ್ತಿದರೆ ಕಣ್ಣಿಗೆ ಕಾಣುವ ಕಾಂಕ್ರೀಟ್ ಕಾಲುವೆಯಲ್ಲಿ ಹಾಯಿಸಿ.

ಸೋರಿದ್ದು ಹೊರಗೆ ಹೋಗದ ಹಾಗೆ ಟ್ಯಾಂಕ್ ಸುತ್ತ ಕಟ್ಟೆ ಕಟ್ಟಿದ್ದೀವಲ್ಲ ಅಂತೀರಿ. ಲೆಕ್ಕ ನೋಡೋಣ. ಕಟ್ಟೆಯೊಳಗೆ ಟ್ಯಾಂಕಿನ ಶೇಕಡಾ 110ರಷ್ಟು, ಅಂದರೆ 1089 ಲೀಟರ್ ಹಿಡಿಯಬೇಕು. ಒಳಅಳತೆ 2 ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ, 45 ಸೆಂಟಿಮೀಟರ್ ಎತ್ತರ ಇದ್ದರೆ 1350 ಲೀಟರ್ ಹಿಡಿಯುತ್ತೆ. ಸಾಕು ಅನಿಸುತ್ತೆ. ಮೇಲೆ ಶೀಟ್ ಇಲ್ಲದಿದ್ದರೆ 100 ಮಿಲಿಮೀಟರ್ ಮಳೆಗೆ 300 ಲೀಟರ್ ನೀರೇ ತುಂಬಿತು. ಉಳಿದದ್ದು 1050. ಆಗಲೇ ಸಾಲಲಿಲ್ಲ. ಅದಕ್ಕೆ ಮೊದಲು ಸೂರು ಹಾಕಿ, ಆಮೇಲೆ ಕಟ್ಟೆಯ ಮಾತು. ಬರೀ ಇಟ್ಟಿಗೆ, ಪ್ಲಾಸ್ಟರ್ ಆದರೆ ಡೀಸೆಲ್ ಸಂದಿಯಲ್ಲಿ ಇಳಿದು ಹೋಗುತ್ತೆ. ಆರ್.ಸಿ.ಸಿ. ಮಾಡಿಸಿ ಒಳಗೆ ಎಪಾಕ್ಸಿ ಬಳಿಸಿ. ಪರೀಕ್ಷೆ ಸುಲಭ: ನೀರು ತುಂಬಿಸಿ, ಮಟ್ಟಕ್ಕೆ ಪೆನ್ಸಿಲ್ ಗೆರೆ ಎಳೆದು, ಒಂದು ದಿನ ಬಿಟ್ಟು ನೋಡಿ.

ಮಳೆಗಾಲದಲ್ಲಿ ನೀರು ಹೋಗಲಿ ಅಂತ ಕಟ್ಟೆಗೆ ತೂತು ಕೊರೆದಿರೋದು, ಡ್ರೈನ್ ವಾಲ್ವ್ ತೆರೆದು ಮರೆತಿರೋದು, ಇದು ಎಷ್ಟು ಸಾಮಾನ್ಯ ಅಂದರೆ ನನ್ನ ಕೇಳಿದರೆ ಡ್ರೈನೇ ಬೇಡ. ಮೂಲೆಯಲ್ಲಿ ಚಿಕ್ಕ ಗುಂಡಿ ಮಾಡಿ, ನೀರು ನಿಂತರೆ ಮೇಲೆ ಬಣ್ಣಬಣ್ಣದ ಎಣ್ಣೆ ಪೊರೆ ಇಲ್ಲ ಅಂತ ನೋಡಿಕೊಂಡು ಕೈಪಂಪಲ್ಲಿ ಎತ್ತಿ ಹಾಕಲಿ.

ಆ ತೂತಿನಿಂದ ಹೊರಟ ನೀರು ಎಲ್ಲಿಗೆ ಹೋಗುತ್ತೆ? 2009ರಿಂದ ಬೆಂಗಳೂರಿನಲ್ಲಿ ದೊಡ್ಡ ಸೈಟುಗಳಿಗೆ ಮಳೆನೀರು ಕೊಯ್ಲು ಕಡ್ಡಾಯ. ಒಳ್ಳೆಯ ಕೆಲಸವೇ. ಆದರೆ ಚಾವಣಿ ನೀರು, ಪಾರ್ಕಿಂಗ್ ನೀರು, ಜನರೇಟರ್ ಯಾರ್ಡ್ ನೀರು ಎಲ್ಲ ಒಂದೇ ಚರಂಡಿಗೆ ಬಿದ್ದು, ಮೂರಡಿ ಅಗಲ ಇಪ್ಪತ್ತಡಿ ಆಳದ ಇಂಗುಬಾವಿಗೆ ಇಳಿದರೆ? ಮೇಲ್ಮಣ್ಣಿನಲ್ಲಿ ಗಾಳಿ ಇರುತ್ತೆ, ಎಣ್ಣೆಯನ್ನ ತಿಂದು ಕರಗಿಸುವ ಸೂಕ್ಷ್ಮಜೀವಿಗಳಿರುತ್ತವೆ. ಇಂಗುಬಾವಿ ಆ ಪದರವನ್ನ ದಾಟಿಸಿ ಕೊಳೆಯನ್ನ ನೇರ ಕೆಳಕ್ಕೆ ಬಿಡುತ್ತೆ. ಕೆಳಗಿರೋದು ಗಟ್ಟಿ ಕಲ್ಲು. ನೀರು ಓಡೋದು ಬಿರುಕಿನಲ್ಲಿ. ಯಾವ ಬಿರುಕು ಯಾರ ಬೋರ್‌ವೆಲ್‌ಗೆ ಸೇರುತ್ತೆ ಅಂತ ಮೇಲಿಂದ ಹೇಳೋಕಾಗಲ್ಲ. ಎಣ್ಣೆ ನೀರಿನ ಮೇಲೆ ತೇಲುತ್ತೆ, ನಮ್ಮ ಪಂಪ್ ಆಳದಲ್ಲಿದೆ ಅನ್ನೋ ಧೈರ್ಯವೂ ಬೇಡ. ಬೇಸಿಗೆಯಲ್ಲಿ ನೀರಿನ ಮಟ್ಟ ಇಳಿದಾಗ ಎಣ್ಣೆಯೂ ಇಳಿದು ಬಿರುಕುಗಳಿಗೆ ಮೆತ್ತಿಕೊಳ್ಳುತ್ತೆ, ಮಳೆಗಾಲದಲ್ಲಿ ಮಟ್ಟ ಏರಿದಾಗ ಮತ್ತೆ ನೀರಿಗೆ ಬಿಡುತ್ತೆ. ಹಾಗಾಗಿ ಇಂಗುಬಾವಿಗೆ ಚಾವಣಿ ನೀರು ಮಾತ್ರ. ಯಾರ್ಡ್ ಚರಂಡಿ ಬೇರೆ ಇರಲಿ, ಅದಕ್ಕೆ ಎಣ್ಣೆ ಬೇರ್ಪಡಿಸುವ ತೊಟ್ಟಿ ಇರಲಿ.

ಡೀಸೆಲ್ ಚೆಲ್ಲಿದರೆ ಮೊದಲು ಸೋಪು ಪುಡಿ ತರಬೇಡಿ. ಸೋಪು ಹಾಕಿದರೆ ಎಣ್ಣೆ ನೀರಲ್ಲಿ ಬೆರೆತು, ತೊಟ್ಟಿಯಲ್ಲೂ ಬೇರೆಯಾಗದೆ ಮುಂದಕ್ಕೆ ಹೋಗುತ್ತೆ. ವಾಲ್ವ್ ಬಂದ್ ಮಾಡಿ, ಚರಂಡಿ ಬಾಯಿಗೆ ಮರಳು ಮೂಟೆ ಅಡ್ಡ ಇಟ್ಟು, ಮರಳೋ ಮರದ ಹೊಟ್ಟೋ ಸುರಿದು, ಹೀರಿಕೊಂಡ ಮೇಲೆ ಸಲಿಕೆಯಲ್ಲಿ ಎತ್ತಿ ಮುಚ್ಚಳದ ಡ್ರಮ್ಮಿಗೆ ಹಾಕಿ. ಆ ಮರಳು ಪಾಲಿಕೆ ಕಸದ ಗಾಡಿಗಲ್ಲ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಎಣ್ಣೆ ಮೆತ್ತಿದ ತ್ಯಾಜ್ಯವೂ ಬರುತ್ತೆ, ಬದಲಿಸಿದ ಇಂಜಿನ್ ಆಯಿಲ್ಲೂ ಬರುತ್ತೆ. ಅನುಮತಿ ಇರುವವರಿಗೇ ಕೊಡಬೇಕು, 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಸರ್ವಿಸ್‌ಗೆ ಬಂದ ಹುಡುಗ ಹಳೇ ಫಿಲ್ಟರನ್ನ ಕಾಂಪೌಂಡ್ ಮೂಲೆಗೆ ಎಸೆದು ಹೋಗದಂತೆ ನೋಡಿಕೊಳ್ಳಿ.

ಬ್ಯಾರೆಲ್ ಇಟ್ಟವರಿಗೆ ಒಂದು ಮಾತು. ಬಯಲಲ್ಲಿ ನೆಟ್ಟಗೆ ನಿಲ್ಲಿಸಿದರೆ ತಲೆ ಮೇಲೆ ಮಳೆನೀರು ನಿಲ್ಲುತ್ತೆ, ರಾತ್ರಿ ತಣ್ಣಗಾದಾಗ ಬಿರಡೆ ಸಂದಿಯಿಂದ ಆ ನೀರನ್ನೇ ಒಳಕ್ಕೆ ಎಳೆದುಕೊಳ್ಳುತ್ತೆ, ಒಳಗಿಂದ ತುಕ್ಕು ಶುರು. ಮಲಗಿಸಿ, ಎರಡು ಬಿರಡೆಗಳೂ ಅಕ್ಕಪಕ್ಕ ಒಂದೇ ಮಟ್ಟದಲ್ಲಿ ಬರಲಿ. ಎಸ್‌.ಟಿ.ಪಿ.ಯ (ಕೊಳಚೆ ನೀರು ಶುದ್ಧೀಕರಣ ಘಟಕದ) ಹೈಪೋ (ಬ್ಲೀಚ್ ದ್ರಾವಣ) ಕ್ಯಾನ್, ಆ್ಯಸಿಡ್ ಕ್ಯಾನ್ ಒಂದೇ ಟ್ರೇನಲ್ಲಿ ಬೇಡವೇ ಬೇಡ, ಎರಡೂ ಸೋರಿ ಬೆರೆತರೆ ಕ್ಲೋರಿನ್ ಅನಿಲ.

ಇನ್ನು ಸ್ಟಾಕ್ ತಾಳೆ. 125 ಕೆ.ವಿ.ಎ. ಸೆಟ್ ಮುಕ್ಕಾಲು ಲೋಡ್‌ನಲ್ಲಿ ಗಂಟೆಗೆ ಸುಮಾರು 20 ಲೀಟರ್ ಕುಡಿಯುತ್ತೆ. ಎಷ್ಟು ಹೊತ್ತು ಓಡಿತು ಅಂತ ಗಂಟೆ ಮೀಟರ್ ಓದಿ, ಎಷ್ಟು ಡೀಸೆಲ್ ಉಳಿದಿದೆ ಅಂತ ಡಿಪ್ ಓದಿ, ವಾರಕ್ಕೊಮ್ಮೆ ಬರೆದಿಡಿ. ಹತ್ತು ಡಿಗ್ರಿ ಬಿಸಿ ಏರಿಳಿದರೆ ತುಂಬಿದ ಟ್ಯಾಂಕಿನಲ್ಲಿ ಎಂಟು ಲೀಟರ್‌ನಷ್ಟು ವ್ಯತ್ಯಾಸ ತಾನಾಗೇ ಬರುತ್ತೆ. ಅದಕ್ಕೆ ಯಾವಾಗಲೂ ಬೆಳಗಿನ ಒಂದೇ ಹೊತ್ತಿಗೆ ಅಳೆಯಿರಿ, ತುಂಬಿಸುವಾಗ 940 ಲೀಟರ್‌ಗೆ ನಿಲ್ಲಿಸಿ. ಪ್ರತಿ ವಾರವೂ ಒಂದೇ ಕಡೆಗೆ ಕಮ್ಮಿ ತೋರಿಸಿದರೆ ಅದು ಬಿಸಿಲಿನ ಆಟ ಅಲ್ಲ. ಸೋರಿಕೆ, ಇಲ್ಲವೇ ಕಳ್ಳತನ.

ಬೋರ್‌ವೆಲ್ ನೀರಿನ ರಿಪೋರ್ಟ್ ಚೆನ್ನಾಗೇ ಬಂದಿದೆ ಅನ್ನುವವರು ಅದನ್ನ ಇನ್ನೊಮ್ಮೆ ತೆಗೆದು ನೋಡಿ. ಗಡಸುತನ, ಟಿ.ಡಿ.ಎಸ್., ನೈಟ್ರೇಟ್, ಕೋಲಿಫಾರ್ಮ್ ಇರುತ್ತೆ. ಮಾಮೂಲಿ ಪ್ಯಾಕೇಜ್‌ನಲ್ಲಿ ಖನಿಜ ತೈಲ ಸಾಮಾನ್ಯವಾಗಿ ಇರಲ್ಲ. ಕುಡಿಯುವ ನೀರಿನ ಐ.ಎಸ್. 10500 ಮಾನದಂಡದಲ್ಲಿ ಅದಕ್ಕೆ ಮಿತಿ ಲೀಟರಿಗೆ 0.5 ಮಿಲಿಗ್ರಾಂ. ಒಂದು ಲೀಟರ್ ಡೀಸೆಲ್ ಪೂರ್ತಿ ಬೆರೆತರೆ ಹದಿನಾರು ಲಕ್ಷ ಲೀಟರ್‌ಗೂ ಹೆಚ್ಚು ನೀರನ್ನ ಆ ಮಿತಿಗೆ ತಂದು ನಿಲ್ಲಿಸುತ್ತೆ. ಲ್ಯಾಬ್‌ಗೆ ಹೇಳಿ ಅದನ್ನ ಬೇರೆಯಾಗಿ ಸೇರಿಸಿ. ಸ್ಯಾಂಪಲ್ ಗಾಜಿನ ಬಾಟಲಲ್ಲೇ ಹಿಡಿಯಿರಿ. ಪ್ಲಾಸ್ಟಿಕ್ ಬಾಟಲಾದರೆ ಎಣ್ಣೆ ಅದರ ಗೋಡೆಗೇ ಅಂಟಿಕೊಂಡು ರಿಪೋರ್ಟ್‌ನಲ್ಲಿ ಕಮ್ಮಿ ತೋರಿಸುತ್ತೆ.