ಹೊಸ ಡಿಎಸ್‌ಎಲ್‌ಆರ್ ಬರುವುದಾದರೆ ನನಗೆ ಬೇಕಾದದ್ದು

ಎಲ್ಲರಿಗೂ ನಮಸ್ಕಾರ.

ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾ ಬಂದ ಮೇಲೆ ಡಿಎಸ್‌ಎಲ್‌ಆರ್, ಅಂದರೆ ಒಳಗೆ ಕನ್ನಡಿ ಇರುವ ಕ್ಯಾಮೆರಾದ ಕಾಲ ಮುಗಿಯಿತು ಎನ್ನುವ ಮಾತು ನಿಮ್ಮ ಕಿವಿಗೂ ಬಿದ್ದಿರುತ್ತದೆ. ಮಾತಿನಲ್ಲಿ ಹುರುಳಿದೆ. ಕ್ಯಾನನ್‌ನ 1ಡಿ ಎಕ್ಸ್ ಮಾರ್ಕ್ 3, ನಿಕಾನ್‌ನ ಡಿ6, ಎರಡೂ ಬಂದದ್ದು 2020ರಲ್ಲಿ. ಅದಾದ ಮೇಲೆ ಈ ಎರಡು ಕಂಪನಿಗಳಿಂದ ವೃತ್ತಿಯವರಿಗೆ ಅಂತ ಹೊಸ ಡಿಎಸ್‌ಎಲ್‌ಆರ್ ಬಂದಿಲ್ಲ. ತಮ್ಮ ದೊಡ್ಡ ಡಿಎಸ್‌ಎಲ್‌ಆರ್‌ಗಳಲ್ಲಿ ಮಾರ್ಕ್ 3 ಕೊನೆಯದು ಎಂದು ಕ್ಯಾನನ್ ಮುಖ್ಯಸ್ಥ ಫುಜಿಯೊ ಮಿತರಾಯಿ 2021ರ ಕೊನೆಯಲ್ಲಿ ಹೇಳಿಬಿಟ್ಟರು. ಪೆಂಟಾಕ್ಸ್ ಮಾತ್ರ ಈ ದಾರಿ ಬಿಡಲಿಲ್ಲ. 2021ರಲ್ಲಿ ಕೆ-3 ಮಾರ್ಕ್ 3 ತಂದಿತು, 2023ರಲ್ಲಿ ಅದರ ಕಪ್ಪು ಬಿಳುಪು ಮಾದರಿಯನ್ನೂ ತಂದಿತು.

ಹಾಗಾಗಿ ಆಸೆ ಇಟ್ಟುಕೊಳ್ಳುವುದರಲ್ಲಿ ತಪ್ಪೇನಿಲ್ಲ, ಅಲ್ವಾ? ನಾಳೆ ಯಾರಾದರೂ ಒಂದು ಹೊಸ ಪ್ರೊಫೆಷನಲ್ ಡಿಎಸ್‌ಎಲ್‌ಆರ್ ಮಾಡುತ್ತೇವೆ, ನಿನಗೇನು ಬೇಕು ಹೇಳು ಅಂದರೆ ನಾನು ಏನು ಹೇಳುತ್ತೇನೆ, ಇವತ್ತು ಅದನ್ನೇ ಮಾತಾಡೋಣ.

ಬೇಡಿಕೆ ಒಂದೇ. ಒಮ್ಮೆ ವ್ಯೂಫೈಂಡರ್‌ಗೆ, ಅಂದರೆ ಕ್ಯಾಮೆರಾದ ನೋಡುವ ಕಿಂಡಿಗೆ ಕಣ್ಣಿಟ್ಟೆ ಅಂದರೆ, ಎದುರಿನ ಆಟ ಮುಗಿಯುವ ತನಕ ಕಣ್ಣು ತೆಗೆಯುವ ಪ್ರಸಂಗ ಬರಬಾರದು. ನೋಡಬೇಕಾದದ್ದೆಲ್ಲ ಕಣ್ಣಿಗೆ ಬರಬೇಕು, ಬದಲಿಸಬೇಕಾದದ್ದೆಲ್ಲ ಬೆರಳಿಗೆ ಸಿಗಬೇಕು. ನಾನು ಕೇಳುವ ಮಿಕ್ಕಿದ್ದೆಲ್ಲ ಹೆಚ್ಚುಕಡಿಮೆ ಇದರಿಂದಲೇ ಹುಟ್ಟುತ್ತದೆ.

ಈಗ ಲೆನ್ಸ್ ಬಿಚ್ಚಿ ತೋರಿಸುತ್ತಿದ್ದೇನೆ, ನೋಡಿ. ಒಳಗೆ 45 ಡಿಗ್ರಿ ಓರೆಯಾಗಿ ನಿಂತಿರುವುದು ಮುಖ್ಯ ಕನ್ನಡಿ. ಲೆನ್ಸಿನಿಂದ ಬಂದ ಬೆಳಕು ಇದಕ್ಕೆ ಬಡಿದು ಮೇಲಕ್ಕೆ ಹೋಗುತ್ತದೆ, ಫೋಕಸಿಂಗ್ ಸ್ಕ್ರೀನ್ ಮೇಲೆ ಬೀಳುತ್ತದೆ, ಪೆಂಟಾಪ್ರಿಸಂನಲ್ಲಿ ತಿರುಗಿ ಕಣ್ಣಿಗೆ ಬರುತ್ತದೆ. ಕನ್ನಡಿಯ ನಡುಭಾಗ ಸ್ವಲ್ಪ ಬೆಳಕನ್ನು ಹಿಂದಕ್ಕೂ ಬಿಡುತ್ತದೆ. ಬೆನ್ನಿಗಿರುವ ಪುಟ್ಟ ಕನ್ನಡಿ ಆ ಬೆಳಕನ್ನು ಕೆಳಗಿನ ಫೋಕಸ್ ಸೆನ್ಸರ್‌ಗೆ ಕಳಿಸುತ್ತದೆ. ಈ ಪುಟ್ಟ ಕನ್ನಡಿ ನೆನಪಿರಲಿ, ಆಮೇಲೆ ಬೇಕಾಗುತ್ತದೆ.

ಅಂದರೆ ನಾನು ನೋಡುವುದು ಎದುರಿನ ಬೆಳಕನ್ನೇ. ನಡುವೆ ಪರದೆ ಇಲ್ಲ, ತಡ ಇಲ್ಲ. ರಾತ್ರಿ ಬಯಲಾಟದಲ್ಲಿ ಕೂತು ಕತ್ತಲಿಗೆ ಒಗ್ಗಿದ ಕಣ್ಣಿಗೆ ಇದು ಎಷ್ಟು ಹಿತ ಅನ್ನುವುದು ಅಲ್ಲಿ ಕೂತವರಿಗೇ ಗೊತ್ತು. ಮಿರರ್‌ಲೆಸ್‌ನ ಎಲೆಕ್ಟ್ರಾನಿಕ್ ವ್ಯೂಫೈಂಡರ್ ಎಷ್ಟೇ ಚೆನ್ನಾಗಿದ್ದರೂ ಅದು ಬೆಳಗುತ್ತಿರುವ ಒಂದು ಪರದೆ. ಅದರಿಂದ ಕಣ್ಣು ತೆಗೆದು ಸುತ್ತ ನೋಡಿದರೆ ಒಂದು ಗಳಿಗೆ ಏನೂ ಕಾಣುವುದಿಲ್ಲ.

ನಮ್ಮಲ್ಲಿ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಕಾಡಿನ ಫೋಟೋ ತೆಗೆದದ್ದು, ಮೂಡಿಗೆರೆಯಲ್ಲಿ ಪೂರ್ಣಚಂದ್ರ ತೇಜಸ್ವಿ ಹಕ್ಕಿಗಳ ಹಿಂದೆ ಬಿದ್ದದ್ದು ಫಿಲ್ಮ್ ಕಾಲದಲ್ಲಿ. ಕ್ಲಿಕ್ ಮಾಡಿ ಹಿಂದೆ ತಿರುಗಿಸಿ ನೋಡೋಣ ಅಂದರೆ ಅವರಿಗೆ ಪರದೆಯೇ ಇರಲಿಲ್ಲ. ಅವರ ಗಮನವೆಲ್ಲ ಎದುರಿಗಿದ್ದದ್ದರ ಮೇಲೆ. ಅವರ ಚಿತ್ರಗಳ ಮುಂದೆ ನಿಂತಾಗ ನನಗೆ ಮೊದಲು ಕಾಣುವುದು ಆ ಗಮನವೇ.

ಸರಿ, ಕೆಲಸದ ಜಾಗಕ್ಕೆ ಬರೋಣ. ನಾನು ಜಾಸ್ತಿ ತೆಗೆಯುವುದು ಯಕ್ಷಗಾನ. ಕ್ಯಾಮೆರಾವನ್ನು ಇದಕ್ಕಿಂತ ಚೆನ್ನಾಗಿ ಪರೀಕ್ಷೆ ಮಾಡುವ ಜಾಗ ನನಗೆ ಗೊತ್ತಿಲ್ಲ. ಮಹಿಷಾಸುರನ ಪ್ರವೇಶವನ್ನೇ ತೆಗೆದುಕೊಳ್ಳಿ. ಅವನು ಬರುವುದು ಜನರ ನಡುವಿನಿಂದ. ಮುಂದೆ ದೊಂದಿ ಹಿಡಿದವರು. ಚೆಂಡೆ ಏರುತ್ತಿರುತ್ತದೆ. ದೊಂದಿಗೆ ರಾಳದ ಪುಡಿ ಎರಚಿದ ಕೂಡಲೇ ಬೆಂಕಿ ಭಗ್ಗೆಂದು ಮೇಲೇಳುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಬೆಳಕು ಹಲವು ಸ್ಟಾಪ್ (ಒಂದು ಸ್ಟಾಪ್ ಅಂದರೆ ಇಮ್ಮಡಿ) ಏರಿ, ಮತ್ತೆ ಅಷ್ಟೇ ಬೇಗ ಇಳಿಯುತ್ತದೆ. ಹಿಂದೆ ರಂಗಸ್ಥಳದಲ್ಲಿ ಬಿಳಿ ಎಲ್‌ಇಡಿ. ನಡುವೆ ಕಪ್ಪು ಕತ್ತಲು. ಆ ಕತ್ತಲಿನಲ್ಲಿ ಕೆಂಪು ವೇಷ, ಮುಖದ ಮೇಲೆ ಅಕ್ಕಿಹಿಟ್ಟಿನ ಬಿಳಿ ಚುಟ್ಟಿ.

ಇಲ್ಲಿ ಸಾಮಾನ್ಯ ಮೀಟರಿಂಗ್, ಅಂದರೆ ಕ್ಯಾಮೆರಾ ಬೆಳಕು ಅಳೆಯುವ ರೀತಿ, ಕತ್ತಲನ್ನು ನೋಡಿ ಎಕ್ಸ್‌ಪೋಷರ್ ಏರಿಸುತ್ತದೆ, ಚಿತ್ರದಲ್ಲಿ ಮುಖ ಬರೀ ಬಿಳಿಯಾಗಿ ಸುಟ್ಟುಹೋಗುತ್ತದೆ. 2014ರಲ್ಲಿ ನಿಕಾನ್ ಡಿ810ರಲ್ಲಿ ಹೈಲೈಟ್ ವೇಟೆಡ್ ಮೀಟರಿಂಗ್ ತಂದಿತು. ಫ್ರೇಮಿನಲ್ಲಿ ಎಲ್ಲಕ್ಕಿಂತ ಹೊಳೆಯುವ ಭಾಗ ಉಳಿಯುವ ಹಾಗೆ ಅದು ಲೆಕ್ಕ ಹಾಕುತ್ತದೆ. ರಂಗದ ಫೋಟೋ ತೆಗೆಯುವವರಿಗೆ ಅದು ವರದಾನವೇ. ಹೊಸ ಕ್ಯಾಮೆರಾದಲ್ಲಿ ಅದು ಇರಲೇಬೇಕು.

ಆದರೆ ಅದೂ ಸಾಲದು. ಕೆಂಪಿನ ಕಷ್ಟ ಬೇರೆ. ಈಗ ತೋರಿಸುತ್ತಿರುವ ಎರಡು ಚಿತ್ರ ನೋಡಿ. ಎಡಗಡೆಯದರಲ್ಲಿ ಬಟ್ಟೆಯ ನೆರಿಗೆ ಕಾಣುತ್ತದೆ, ನೇಯ್ಗೆ ಕೂಡ ಕಾಣುತ್ತದೆ. ಬಲಗಡೆ ಅದೇ ಬಟ್ಟೆ, ಆದರೆ ಎಲ್ಲ ಒಂದೇ ಕೆಂಪು. ನೆರಿಗೆ ಹೋಯಿತು, ಪ್ಲಾಸ್ಟಿಕ್ ಹಾಗೆ ಕಾಣುತ್ತದೆ. ಮಜಾ ಏನೆಂದರೆ ಎರಡಕ್ಕೂ ಸಾಮಾನ್ಯ ಹಿಸ್ಟೋಗ್ರಾಮ್, ಅಂದರೆ ಚಿತ್ರದ ಬೆಳಕಿನ ಗ್ರಾಫ್, ಎಲ್ಲ ಸರಿಯಾಗಿದೆ ಅಂತಲೇ ತೋರಿಸುತ್ತದೆ. ಯಾಕೆಂದರೆ ಅದು ಮೂರು ಬಣ್ಣವನ್ನೂ ಸೇರಿಸಿ ಒಟ್ಟು ಬೆಳಕನ್ನು ಲೆಕ್ಕ ಹಾಕುತ್ತದೆ. ಒಳಗೆ ಕೆಂಪು ಚಾನೆಲ್ ಒಂದೇ ತುಂಬಿ ಚೆಲ್ಲಿದ್ದು ಅಲ್ಲಿ ಗೊತ್ತಾಗುವುದಿಲ್ಲ.

ಬಣ್ಣ ಬಣ್ಣಕ್ಕೆ ಬೇರೆ ಹಿಸ್ಟೋಗ್ರಾಮ್ ಇದೆಯಲ್ಲ ಅನ್ನಬಹುದು. ಇದೆ. ಆದರೆ ರಾ ಫೈಲ್, ಅಂದರೆ ಸೆನ್ಸರ್ ಹಿಡಿದದ್ದನ್ನು ಹಾಗೆಯೇ ಇಡುವ ಫೈಲ್ ತೆಗೆದಾಗಲೂ ಕ್ಯಾಮೆರಾ ಆ ಗ್ರಾಫ್ ಬರೆಯುವುದು ಒಳಗಿನ ಪುಟ್ಟ ಜೆಪೆಗ್ ನೋಡಿ. ವೈಟ್ ಬ್ಯಾಲೆನ್ಸ್ ಬದಲಿಸಿದರೆ ಗ್ರಾಫ್ ಬದಲಾಗುತ್ತದೆ, ಪಿಕ್ಚರ್ ಸ್ಟೈಲ್ ಬದಲಿಸಿದರೂ ಬದಲಾಗುತ್ತದೆ. ಸೆನ್ಸರ್ ಹಿಡಿದದ್ದು ಮಾತ್ರ ಅದೇ ಇರುತ್ತದೆ. ಅಷ್ಟು ದುಡ್ಡು ಕೊಟ್ಟವರಿಗೆ ರಾ ಫೈಲಿನದೇ ಹಿಸ್ಟೋಗ್ರಾಮ್ ತೋರಿಸಿ ಅಂತ ಫೋಟೋಗ್ರಾಫರ್‌ಗಳು ಎಷ್ಟೋ ವರ್ಷದಿಂದ ಕೇಳುತ್ತಿದ್ದಾರೆ. ನನ್ನ ದನಿಯೂ ಅದಕ್ಕೆ ಸೇರಲಿ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕೇಳುತ್ತೇನೆ. ಆ ಎಚ್ಚರಿಕೆ ಹಿಂದಿನ ಪರದೆಗೆ ಬಂದು ನನಗೇನು ಪ್ರಯೋಜನ? ನಾನು ತಲೆ ತಗ್ಗಿಸಿ ನೋಡುವಷ್ಟರಲ್ಲಿ ಮಹಿಷಾಸುರ ರಂಗಸ್ಥಳ ತಲುಪಿರುತ್ತಾನೆ. ಕೆಂಪು ತುಂಬುತ್ತಿದೆ ಅಂದರೆ ವ್ಯೂಫೈಂಡರ್‌ನ ಮೂಲೆಯಲ್ಲಿ ಒಂದು ಪುಟ್ಟ ಗುರುತು ಮಿನುಗಲಿ. ಇದು ಆಗದ ಮಾತಲ್ಲ. ಡಿಎಸ್‌ಎಲ್‌ಆರ್‌ನಲ್ಲಿ ಪೆಂಟಾಪ್ರಿಸಂ ಹತ್ತಿರ ಬೇರೆಯೇ ಮೀಟರಿಂಗ್ ಸೆನ್ಸರ್ ಇರುತ್ತದೆ, ಅದಕ್ಕೆ ಬಣ್ಣವೂ ಗೊತ್ತಾಗುತ್ತದೆ. ನಿಕಾನ್ ಡಿ850ರಲ್ಲಿ ಅದು 1,80,000 ಪಿಕ್ಸೆಲ್‌ನದು. 1ಡಿ ಎಕ್ಸ್ ಮಾರ್ಕ್ 3ರಲ್ಲಿ ಸುಮಾರು 4,00,000 ಪಿಕ್ಸೆಲ್‌ನದು, ಅದನ್ನು ಬಳಸಿ ಆ ಕ್ಯಾಮೆರಾ ಆಟಗಾರನ ತಲೆ ಯಾವುದು ಅಂತ ಗುರುತಿಸಿ ಫೋಕಸ್ ಹಿಡಿದುಕೊಳ್ಳುತ್ತದೆ. ತಲೆ ಗುರುತಿಸುವ ಸೆನ್ಸರ್‌ಗೆ ಕೆಂಪು ಗುರುತಿಸುವುದು ದೊಡ್ಡ ಕೆಲಸವಾಗಬಾರದು.

ಎಲ್‌ಇಡಿ ವಿಷಯಕ್ಕೆ ಬಂದರೆ, ಅದರ ಮಿಣುಕು ರಂಗದಲ್ಲಿ ಕಾಡುವ ಇನ್ನೊಂದು ತೊಂದರೆ. ನಮ್ಮ ಕರೆಂಟ್ 50 ಹರ್ಟ್ಸ್‌ನದು, ಹಾಗಾಗಿ ಟ್ಯೂಬ್‌ಲೈಟ್, ಅಗ್ಗದ ಎಲ್‌ಇಡಿ ಎಲ್ಲ ಸೆಕೆಂಡಿಗೆ 100 ಸಲ ಏರಿ ಇಳಿಯುತ್ತವೆ. ಬರಿಗಣ್ಣಿಗೆ ಕಾಣುವುದಿಲ್ಲ. 1/500ರಲ್ಲಿ ಸಾಲಾಗಿ ಧಿಗಿಣ (ವೇಷಧಾರಿ ಗಿರಗಿರ ಸುತ್ತುವ ಕುಣಿತ) ತೆಗೆದರೆ ಒಂದು ಫ್ರೇಮ್ ಬೆಳ್ಳಗೆ, ಇನ್ನೊಂದು ಮಂಕು, ಮತ್ತೊಂದರಲ್ಲಿ ಅರ್ಧಕ್ಕೆ ನೆರಳಿನ ಪಟ್ಟಿ. ಕ್ಯಾನನ್ 2014ರಲ್ಲಿ 7ಡಿ ಮಾರ್ಕ್ 2ರಲ್ಲಿ ಇದಕ್ಕೆ ಉತ್ತರ ಕೊಟ್ಟಿತು. ಕ್ಯಾಮೆರಾ ಬೆಳಕಿನ ಲಯ ಹಿಡಿದು, ಅದು ಏರಿದ ಕ್ಷಣಕ್ಕೇ ಶಟರ್ ಬಿಡುತ್ತದೆ. ಆದರೆ ಈಗಿನ ರಂಗದ ದೀಪಗಳು 100ಕ್ಕೆ ನಿಲ್ಲುವುದಿಲ್ಲ, ಒಂದೊಂದು ಕಂಪನಿಯ ದೀಪದ್ದು ಒಂದೊಂದು ವೇಗ. ಕೆಲವು ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಶಟರ್ ವೇಗವನ್ನು ತೀರಾ ಸಣ್ಣ ಸಣ್ಣ ಹೆಜ್ಜೆಯಲ್ಲಿ ಬದಲಿಸಿ ದೀಪಕ್ಕೆ ಹೊಂದಿಸಬಹುದು. ಅದು ನನಗೂ ಬೇಕು.

ಬೆರಳಿನ ವಿಷಯ. ನಿಕಾನ್‌ನ ಡಿ5, ಡಿ500, ಡಿ850ರಲ್ಲಿ ಗುಂಡಿಗಳ ಒಳಗೇ ದೀಪವಿದೆ. ಒಮ್ಮೆ ಇದಕ್ಕೆ ಒಗ್ಗಿದರೆ ಬೇರೆ ಕ್ಯಾಮೆರಾ ಹಿಡಿದಾಗ ಕತ್ತಲಲ್ಲಿ ತಡಕಾಡುವ ಹಾಗಾಗುತ್ತದೆ. ಆದರೂ ನನಗೆ ದೀಪಕ್ಕಿಂತ ಮುಟ್ಟಿದರೆ ಗೊತ್ತಾಗುವ ಆಕಾರ ಮುಖ್ಯ. ಬೆಳಕಿನ ಸೂಕ್ಷ್ಮತೆ ಬದಲಿಸುವ ಐಎಸ್‌ಒ ಗುಂಡಿಗೆ ಒಂದು ಉಬ್ಬು, ಫೋಕಸ್ ಹಿಡಿಯುವ ಎಎಫ್-ಆನ್ ಗುಂಡಿಗೆ ಒಂದು ತಗ್ಗು. 1ಡಿ ಎಕ್ಸ್ ಮಾರ್ಕ್ 3ರ ಎಎಫ್-ಆನ್ ಗುಂಡಿಯ ಮೇಲೆ ಹೆಬ್ಬೆರಳು ಸವರಿದರೆ ಸಾಕು, ಫೋಕಸ್ ಪಾಯಿಂಟ್ ಆ ಕಡೆ ಓಡುತ್ತದೆ. ಒಳ್ಳೆಯ ಯೋಚನೆ. ಯಾರು ಮಾಡಿದರೂ ಇದನ್ನು ಸೇರಿಸಬೇಕು.

ತಾಳಮದ್ದಳೆಗೆ ಮಾತ್ರ ನಾನು ಡಿಎಸ್‌ಎಲ್‌ಆರ್ ಪರ ವಾದಿಸುವುದಿಲ್ಲ. ಅಲ್ಲಿ ಮಾತೇ ಎಲ್ಲ. ಅರ್ಥಧಾರಿ ಮಾತಿನ ನಡುವೆ ತಡೆದು ನಿಂತಾಗ ಕನ್ನಡಿಯ ಟಕ್ ಶಬ್ದ ಇಡೀ ಸಭೆಗೆ ಕೇಳುತ್ತದೆ. ಅಲ್ಲಿ ಸದ್ದಿಲ್ಲದ ಮಿರರ್‌ಲೆಸ್ ಒಯ್ಯುವುದೇ ಮರ್ಯಾದೆ.

ಈಗ ಆ ಪುಟ್ಟ ಕನ್ನಡಿಗೆ ಬರೋಣ. ಕಬಿನಿ, ನಾಗರಹೊಳೆ ಕಡೆ ಹೋಗುವವರ ಕೈಯಲ್ಲಿ ಈಗಲೂ ಡಿ500 ಕಾಣುತ್ತದೆ. 2016ರ ಕ್ಯಾಮೆರಾ, ಈಗ ತಯಾರಿಕೆ ನಿಂತಿದೆ. ಆದರೂ ಯಾಕೆ ಬಿಡುವುದಿಲ್ಲ? ಫೋಕಸ್ ಸೆನ್ಸರ್‌ಗೆ ಬೆಳಕು ಹೋಗಬೇಕಾದದ್ದು ಆ ಪುಟ್ಟ ಕನ್ನಡಿಯ ಮೂಲಕ. ಹಾಗಾಗಿ ಫುಲ್‌ಫ್ರೇಮ್, ಅಂದರೆ ದೊಡ್ಡ ಸೆನ್ಸರಿನ ಡಿಎಸ್‌ಎಲ್‌ಆರ್‌ನಲ್ಲಿ ಫೋಕಸ್ ಪಾಯಿಂಟ್‌ಗಳು ನಡುವಿನಲ್ಲೇ ಗುಂಪಾಗಿರುತ್ತವೆ. ಡಿ500ಕ್ಕೆ ನಿಕಾನ್ ತನ್ನ ದೊಡ್ಡ ಡಿ5ರ ಫೋಕಸ್ ಮಾಡ್ಯೂಲನ್ನೇ ಹಾಕಿತು, ಅದೇ 153 ಪಾಯಿಂಟ್. ಸೆನ್ಸರ್ ಚಿಕ್ಕದು, ಹಾಗಾಗಿ ಆ ಪಾಯಿಂಟ್‌ಗಳು ಫ್ರೇಮಿನ ಎಡ ಅಂಚಿನಿಂದ ಬಲ ಅಂಚಿನ ತನಕ ಹರಡಿಕೊಂಡವು. ಜೊತೆಗೆ 500 ಎಂಎಂ ಲೆನ್ಸ್ 750ರ ನೋಟ ಕೊಡುತ್ತದೆ. ಹುಲಿ ಫ್ರೇಮಿನ ಒಂದು ಬದಿಯಲ್ಲಿದ್ದರೂ ಅದರ ಕಣ್ಣಿನ ಮೇಲೆ ಪಾಯಿಂಟ್ ಇಡಬಹುದು, ಕ್ಯಾಮೆರಾ ಅಲುಗಿಸಬೇಕಿಲ್ಲ.

ಪ್ರಾಣಿಯ ಕಣ್ಣನ್ನು ತಾನೇ ಹುಡುಕಿ ಹಿಡಿಯುವುದರಲ್ಲಿ ಮಿರರ್‌ಲೆಸ್ ಮುಂದಿದೆ, ಅದನ್ನು ಒಪ್ಪಲೇಬೇಕು. ಆದರೆ ಡಿ500ಕ್ಕೆ ಒಬ್ಬ ತಮ್ಮ ಬಂದರೆ, ಮೀಟರಿಂಗ್ ಸೆನ್ಸರ್‌ಗೆ ಪ್ರಾಣಿಯ ತಲೆ ಗುರುತಿಸಲು ಕಲಿಸಿದರೆ, ನನ್ನಂಥವರು ಸಾಲುಗಟ್ಟಿ ನಿಲ್ಲುತ್ತೇವೆ. ಮೆಗಾಪಿಕ್ಸೆಲ್ 24ರ ಆಸುಪಾಸು ಸಾಕು. ಡಿ850ರ 45.7 ಮೆಗಾಪಿಕ್ಸೆಲ್ ಚೆಂದವೇ, ಆದರೆ ಒಂದೊಂದು ರಾ ಫೈಲ್ 50 ಎಂಬಿ ಹತ್ತಿರ. ಇಡೀ ರಾತ್ರಿಯ ಆಟ ತೆಗೆದು ಬಂದವರಿಗೆ ಅದರ ಭಾರ ಗೊತ್ತು.

ಮಳೆ. ಆಗುಂಬೆ ಕಡೆ ಜುಲೈನಲ್ಲಿ ಕ್ಯಾಮೆರಾ ಹೊರಗೆ ತೆಗೆಯುವುದೇ ಧೈರ್ಯದ ಕೆಲಸ. ದೊಡ್ಡ ಡಿಎಸ್‌ಎಲ್‌ಆರ್‌ಗಳಲ್ಲಿ ರಬ್ಬರ್ ಸೀಲ್ ಇದೆ, ಗಟ್ಟಿಯಾಗಿಯೂ ಇವೆ. ಆದರೆ ಧೂಳು, ಹನಿ ತಡೆಯುತ್ತದೆ ಅನ್ನುವುದಷ್ಟೇ ಹೇಳಿಕೆ. ಎಷ್ಟು ನೀರು, ಎಷ್ಟು ಹೊತ್ತು? ಮೊಬೈಲ್‌ಗೆ ಕೊಡುವ ಹಾಗೆ ಪರೀಕ್ಷೆ ಮಾಡಿದ ಐಪಿ ಸಂಖ್ಯೆ ಕೊಡಿ. ಮಲೆನಾಡಿನವರಿಗೆ, ಕರಾವಳಿಯವರಿಗೆ ಈ ಸಂಖ್ಯೆ ಮೆಗಾಪಿಕ್ಸೆಲ್‌ಗಿಂತ ದೊಡ್ಡದು.

ಬ್ಯಾಟರಿ ಬಗ್ಗೆ ದೂರಿಲ್ಲ. ಡಿ6ಕ್ಕೆ ಒಂದು ಚಾರ್ಜಿನಲ್ಲಿ 3,580 ಫ್ರೇಮ್ ಎಂದು ಲೆಕ್ಕ. ಅದನ್ನು ಕಡಿಮೆ ಮಾಡಬೇಡಿ, ಸಾಕು.

ಬಿಡಿಭಾಗದ ಮಾತು ಆಡಲೇಬೇಕು. ಶಿರಸಿಯಲ್ಲೋ ಕುಂದಾಪುರದಲ್ಲೋ ಸ್ಟುಡಿಯೋ ಇಟ್ಟವರು ಸಣ್ಣ ರಿಪೇರಿಗೂ ಬೆಂಗಳೂರಿಗೆ ಕಳಿಸಬೇಕು. ಡಿ6ರ ಶಟರ್ 4 ಲಕ್ಷ ಕ್ಲಿಕ್‌ಗೆ ಪರೀಕ್ಷೆಯಾದದ್ದು, 1ಡಿ ಎಕ್ಸ್ ಮಾರ್ಕ್ 3ರದ್ದು 5 ಲಕ್ಷಕ್ಕೆ. ಅಷ್ಟು ದಿನ ಶಟರ್ ಬಾಳಿದರೆ ಅದಕ್ಕೂ ಮೊದಲೇ ಹಿಡಿಕೆಯ ರಬ್ಬರ್ ಬಿಟ್ಟುಕೊಳ್ಳುತ್ತದೆ, ಕಾರ್ಡ್ ಬಾಗಿಲು ಸಡಿಲವಾಗುತ್ತದೆ. ಈ ಸಣ್ಣ ಸಾಮಾನುಗಳನ್ನು ನಾವೇ ಕೊಂಡು ನಾವೇ ಹಾಕಿಕೊಳ್ಳುವ ಹಾಗೆ ಮಾಡಿ. ನಾಲ್ಕು ಸ್ಕ್ರೂ ಬಿಚ್ಚಲು ನಮಗೂ ಬರುತ್ತದೆ.

ಕೊನೆಯದು, ನಿಕಾನ್‌ನವರಿಗೆ. ನಿಮ್ಮ ಡಿಎಸ್‌ಎಲ್‌ಆರ್‌ಗೆ ಲೆನ್ಸ್ ಕೂರಿಸುವ ಎಫ್ ಮೌಂಟ್ 1959ರಿಂದ ಇದೆ. ನಮ್ಮೂರುಗಳ ಎಷ್ಟೋ ಸ್ಟುಡಿಯೋಗಳಲ್ಲಿ, ಪತ್ರಿಕೆಯವರ ಬ್ಯಾಗಿನಲ್ಲಿ ಹಳೆಯ 80-200 ಎಫ್ 2.8 ಲೆನ್ಸ್ ಇನ್ನೂ ದುಡಿಯುತ್ತಿದೆ. ಅದರ ಹಳೆಯ ಮಾದರಿಗಳಲ್ಲಿ ಮೋಟಾರ್ ಇಲ್ಲ. ಕ್ಯಾಮೆರಾದ ಮೌಂಟ್ ಅಂಚಿನಿಂದ ಚಾಚುವ ಪುಟ್ಟ ಸ್ಕ್ರೂ ತಿರುಗಿ ಲೆನ್ಸನ್ನು ಫೋಕಸ್‌ಗೆ ತರುತ್ತದೆ. ಮಿರರ್‌ಲೆಸ್‌ಗೆ ನಿಕಾನ್ ಕೊಡುವ ಎಫ್‌ಟಿಝಡ್ ಅಡಾಪ್ಟರ್‌ನಲ್ಲಿ ಆ ಸ್ಕ್ರೂ ಇಲ್ಲ, ಹಾಕಿದರೆ ಕೈಯಲ್ಲೇ ಫೋಕಸ್ ಮಾಡಬೇಕು. ಹೊಸ ಡಿಎಸ್‌ಎಲ್‌ಆರ್ ಬಂದರೆ ಆ ಸ್ಕ್ರೂ ಅದರಲ್ಲಿ ಇರಲಿ. ಲೆನ್ಸ್ ನಮ್ಮ ಹತ್ತಿರ ಆಗಲೇ ಇದೆ.