ಧ್ಯಾನಕ್ಕೂ ಒಂದು ತವರುಮನೆ ಇದೆ

ಹೋದ ತಿಂಗಳು ನನ್ನ ಜೊತೆ ಕೆಲಸ ಮಾಡೋ ಗೆಳೆಯ ಹತ್ತು ದಿನದ ವಿಪಶ್ಯನಾ (ಬೌದ್ಧ ಪರಂಪರೆಯ ಧ್ಯಾನ) ಶಿಬಿರದ ಫಾರ್ಮ್ ತೋರಿಸಿ ಕೇಳಿದ: "ನಾನು ಐದು ಹೊತ್ತು ನಮಾಜ್ ಮಾಡೋನು. ಹೋಗಬಹುದಾ?" ನಾನು ಹಿಂದೆಮುಂದೆ ನೋಡದೆ ಹೇಳಿಬಿಟ್ಟೆ: "ಧ್ಯಾನಕ್ಕೆ ಯಾವ ಧರ್ಮ ಮಾರಾಯ, ಹೋಗಿ ಬಾ."

ಆ ರಾತ್ರಿ ಶಿಬಿರದ ನಿಯಮ ಓದಿದೆ. ಪ್ರಾರ್ಥನೆ, ಪೂಜೆ, ಉಪವಾಸ, ಜಪಮಾಲೆ, ಮಂತ್ರ, ಹತ್ತು ದಿನ ಎಲ್ಲವನ್ನೂ ನಿಲ್ಲಿಸಬೇಕು. ಶುರುವಿನಲ್ಲೇ ಬುದ್ಧ, ಧಮ್ಮ, ಸಂಘಕ್ಕೆ ಶರಣು ಹೋಗಬೇಕು. ವ್ಯಕ್ತಿಗಲ್ಲ, ಗುಣಕ್ಕೆ ಶರಣು ಅಂತ ಅವರು ಬಿಡಿಸಿ ಹೇಳ್ತಾರೆ, ನಿಜ. ಆದರೂ ನಮಾಜ್ ಫರ್ಜ್, ಅಂದ್ರೆ ಬಿಡಲೇಬಾರದ ಕರ್ತವ್ಯ, ಅಂತ ನಂಬಿದವನಿಗೆ ನಾನು "ಹೋಗಿ ಬಾ" ಅಂದದ್ದು ಎಷ್ಟು ಹಗುರ ಮಾತು!

ನಮ್ಮ ಮನೆಯನ್ನೇ ನೋಡಿ. ಅವ್ವ ದಿನಾ ಬೆಳಿಗ್ಗೆ ಮಿಂದು, ವಿಭೂತಿ ಧರಿಸಿ, ಇಷ್ಟಲಿಂಗವನ್ನ ಎಡ ಅಂಗೈ ಮೇಲಿಟ್ಟುಕೊಂಡು ಕೂರ್ತಾಳೆ. ಲಿಂಗದ ಕಪ್ಪು ಹೊಳಪಿನಲ್ಲಿ ದೀಪದ ಕುಡಿ ಒಂದು ಸಾಸಿವೆಕಾಳಿನಷ್ಟು ಕಾಣುತ್ತೆ. ರೆಪ್ಪೆ ಬಡಿಯದೆ ಅದನ್ನೇ ನೋಡ್ತಾಳೆ. ಕುಕ್ಕರ್ ಕೂಗಿದರೂ ಏಳಲ್ಲ. ಆ ಲಿಂಗವನ್ನ ಹತ್ತು ದಿನ ತೆಗೆದಿಡು ಅಂದ್ರೆ ಅವ್ವ ಆಯ್ತು ಅಂತಾಳಾ? ಉಸಿರು ಹಿಡಿತಕ್ಕೆ ಬಂತು, ಮನಸ್ಸು ನಿಂತಿತು ಅನ್ನೋದಷ್ಟೇ ಅಲ್ಲ ಅವಳಿಗೆ. ಅವಳು ಶಿವನ ಎದುರು ಕೂತಿದ್ದಾಳೆ.

ಹಾಗಂತ ನನಗೆ ವಿಪಶ್ಯನಾದವರ ಮೇಲೆ ತಕರಾರಿಲ್ಲ. ಅವರು ನಿಯಮವನ್ನ ಮೊದಲೇ ಕೈಗೆ ಕೊಡ್ತಾರೆ. ಈ ಧ್ಯಾನವನ್ನ ನಮ್ಮ ದೇಶಕ್ಕೆ 1969ರಲ್ಲಿ ತಂದ ಗೋಯೆಂಕಾ ಅವರೇ ಶ್ರದ್ಧಾವಂತ ಹಿಂದೂ ಮನೆತನದವರು. ಮೈಗ್ರೇನ್ ತಾಳಲಾರದೆ ಬರ್ಮಾದಲ್ಲಿ ವಿಪಶ್ಯನಾ ಗುರು ಊ ಬಾ ಖಿನ್ ಹತ್ತಿರ ಹೋಗೋಕೆ ಮುಂಚೆ, ನನ್ನ ಧರ್ಮ ಎಲ್ಲಿ ಕೈಬಿಟ್ಟು ಹೋಗುತ್ತೋ ಅಂತ ಹೆದರಿದ್ದರು. ಆ ಹೆದರಿಕೆಯನ್ನ ನಾನು ಗೌರವಿಸ್ತೀನಿ.

ನನಗೆ ಸಿಟ್ಟು ಬರೋದು ಮುಚ್ಚಿಟ್ಟಾಗ. 1970ರ ದಶಕದಲ್ಲಿ ಅಮೆರಿಕದ ನ್ಯೂಜೆರ್ಸಿಯ ಹೈಸ್ಕೂಲುಗಳಲ್ಲಿ ಮಹರ್ಷಿ ಮಹೇಶ್ ಯೋಗಿಯವರ ಭಾವಾತೀತ ಧ್ಯಾನವನ್ನ (ಟಿಎಂ) ವಿಜ್ಞಾನ ಅಂತ ಕಲಿಸಿದರು. ಆದರೆ ಮಂತ್ರ ಕೊಡೋವಾಗ ಹೂವು, ಹಣ್ಣು, ಬಿಳಿ ಕರವಸ್ತ್ರ, ಗುರುವಿನ ಪಟದ ಮುಂದೆ ಸಂಸ್ಕೃತ ಶ್ಲೋಕ! ಪೋಷಕರು ಕೋರ್ಟಿಗೆ ಹೋದರು. ಸರ್ಕಾರಿ ಶಾಲೆಯಲ್ಲಿ ಇದು ಧರ್ಮಬೋಧನೆಯೇ ಅಂತ ತೀರ್ಪಾಯ್ತು. 1979ರಲ್ಲಿ ಮೇಲ್ಮನವಿ ಕೋರ್ಟೂ ಅದನ್ನೇ ಎತ್ತಿಹಿಡೀತು. ಪೂಜೆಯನ್ನ ಪೂಜೆ ಅನ್ನೋಕೆ ಯಾಕೆ ಹಿಂಜರಿಕೆ? ಅಲ್ಲಿ ಮೋಸ ಹೋದದ್ದು ಆ ಕ್ರೈಸ್ತ ಮಕ್ಕಳಷ್ಟೇ ಅಲ್ಲ, ಆ ಶ್ಲೋಕವೂ ಹೌದು.

ಇದಕ್ಕೆ ತದ್ವಿರುದ್ಧ ಜಾನ್ ಮೇನ್ ಕಥೆ. 1950ರ ದಶಕದಲ್ಲಿ ಮಲಯದಲ್ಲಿ (ಈಗಿನ ಮಲೇಷ್ಯಾ) ಬ್ರಿಟಿಷ್ ಸರ್ಕಾರಿ ನೌಕರಿಯಲ್ಲಿದ್ದಾಗ ಅಲ್ಲಿನ ಹಿಂದೂ ಸನ್ಯಾಸಿ ಸ್ವಾಮಿ ಸತ್ಯಾನಂದರ ಹತ್ತಿರ ಧ್ಯಾನ ಕಲಿಸಿ ಅಂತ ಕೇಳಿಕೊಂಡ. ನೀನು ಕ್ರೈಸ್ತ, ಕ್ರೈಸ್ತ ಮಂತ್ರವನ್ನೇ ಹಿಡಿ ಅಂದರು ಸ್ವಾಮಿಗಳು. ಮುಂದೆ ಆತ ಕ್ಯಾಥೊಲಿಕರ ಬೆನೆಡಿಕ್ಟೈನ್ ಪಂಥದ ಸನ್ಯಾಸಿಯಾದ. ಮಠದ ಹಿರಿಯರು ಆ ಧ್ಯಾನ ಬಿಡು ಅಂದರು, ಬಿಟ್ಟ. ವರ್ಷಗಳಾದ ಮೇಲೆ ಹಳೆಯ ಕಾಲದ ಕ್ರೈಸ್ತ ಸನ್ಯಾಸಿ ಜಾನ್ ಕ್ಯಾಸಿಯನ್ ಬರಹ ಓದ್ತಾನೆ: ಈಜಿಪ್ಟಿನ ಮರುಭೂಮಿಯ ಕ್ರೈಸ್ತ ತಪಸ್ವಿಗಳು ಒಂದೇ ಸಾಲನ್ನ ಮತ್ತೆ ಮತ್ತೆ ಹೇಳ್ತಾ ಕೂರ್ತಿದ್ದರು, ಸಾವಿರದ ಐನೂರು ವರ್ಷಕ್ಕೂ ಹಿಂದೆ! ಸ್ವಾಮಿಗಳು ತೋರಿಸಿದ ದಾರಿ ಅವನ ಮನೆಯ ಹಿತ್ತಲಲ್ಲೇ ಇತ್ತು. ಆಮೇಲೆ ಅವನು ಕಲಿಸಿದ ಮಂತ್ರ "ಮಾರನಾಥ". ಅರಮಾಯಿಕ್ ಭಾಷೆಯ ಮಾತು, "ಒಡೆಯನೇ, ಬಾ" ಅಂತ.

ಆ ಸ್ವಾಮಿಗಳ ಮಾತು ನನ್ನ ಬಾಯಲ್ಲಿ ಬರಬೇಕಿತ್ತು. ಮರುದಿನ ಗೆಳೆಯನ ಹತ್ತಿರ ಹೋಗಿ, ನಾನು ಯೋಚಿಸದೆ ಹೇಳಿದ್ದೆ ಅಂತ ಒಪ್ಪಿಕೊಂಡು, ನಿಯಮದ ಹಾಳೆ ಓದಿಸಿದೆ. ಸುಮ್ಮನೆ ಓದಿ ಫಾರ್ಮ್ ಮಡಚಿಟ್ಟ. ಆಮೇಲೆ ಅಂದ: ಅವನ ಅಜ್ಜ ರಾತ್ರಿ ನಮಾಜ್ ಮುಗಿದ ಮೇಲೆ ತಸ್ಬೀಹ್ ಮಣಿ ಎಣಿಸ್ತಾ, ತುಟಿಯಷ್ಟೇ ಆಡಿಸ್ತಾ ಅಲ್ಲಾಹನ ಹೆಸರು ಹೇಳ್ತಿದ್ದರಂತೆ. ಜಿಕ್ರ್ ಅಂತಾರೆ ಅದಕ್ಕೆ. "ನಾನು ಒಂದು ದಿನವೂ ಪಕ್ಕದಲ್ಲಿ ಕೂತು ಕಲೀಲಿಲ್ಲ" ಅಂದ. ಆ ಮಣಿ ಇನ್ನೂ ಊರಿನ ಮನೆಯ ಗೂಡಿನಲ್ಲೇ ಇದೆಯಂತೆ. ಈ ಭಾನುವಾರ ತರೋಕೆ ಹೋಗ್ತಿದ್ದಾನೆ.