ಬ್ಲಾಕ್ ಮಾಡಿದ್ರೆ ಮುಗೀತಾ?

ಪೋರ್ನ್ ವಿಷಯ ಎತ್ತಿದ್ರೆ ನಮ್ಮ ಕಡೆ ಎರಡೇ ಮಾತು. ಒಂದೋ ‘ಎಲ್ಲಾ ಬ್ಲಾಕ್ ಮಾಡ್ಬೇಕು’, ಇಲ್ಲಾಂದ್ರೆ ‘ಛೀ, ಥೂ’. ಬ್ಲಾಕ್ ಮಾಡಿ ನೋಡಿದ್ದಾಯ್ತು ಮಾರಾಯ್ರೆ. 2018ರಲ್ಲಿ ಉತ್ತರಾಖಂಡ ಹೈಕೋರ್ಟ್ ಆದೇಶದ ಮೇಲೆ ಕೇಂದ್ರ ಸರ್ಕಾರ 827 ಸೈಟು ಮುಚ್ಚಿಸ್ತು. ಟೆಲಿಗ್ರಾಂ, ವಾಟ್ಸಾಪಲ್ಲಿ ಬರೋ ಕ್ಲಿಪ್ಪಿಗೆ ಅದು ಯಾವ ಲೆಕ್ಕ? ಹೊಸನಗರದ ಒಂಟಿಮನೆಗೂ ಬಂದು ಬೀಳುತ್ತೆ.

‘ಛೀ, ಥೂ’ ಅನ್ನೋದಂತೂ ಇನ್ನೂ ಕೆಲಸ ಕೆಡಿಸುತ್ತೆ. ಬೇಜಾರೋ, ಒಂಟಿತನವೋ, ಪರೀಕ್ಷೆ ಭಯವೋ ಇರುತ್ತೆ. ನೋಡಿದಾಗ ಸ್ವಲ್ಪ ಹೊತ್ತು ಹಗುರ. ಆಮೇಲೆ ನಾಚಿಕೆ. ಅದನ್ನ ಮರೆಯೋಕೆ ಮತ್ತೆ ಅದೇ ಫೋನು. ಮೆದುಳಲ್ಲಿ ಹುಟ್ಟೋ ಡೋಪಮೈನ್ ಅನ್ನೋ ರಾಸಾಯನಿಕ ಸುಖ ಕೊಡೋದಕ್ಕಿಂತ ಹೆಚ್ಚಾಗಿ ಹುಡುಕಿಸುತ್ತೆ. ಅದಕ್ಕೇ ಇನ್ನೊಂದು, ಇನ್ನೊಂದು ಅಂತ ರಾತ್ರಿ ಎರಡಾಗೋದು.

ಹಾಗಂತ ನೋಡಿದವರೆಲ್ಲ ರೋಗಿಗಳಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-11 ಪ್ರಕಾರ ಹಿಡಿತ ತಪ್ಪಿ 6 ತಿಂಗಳೋ ಇನ್ನೂ ಜಾಸ್ತಿಯೋ ಆಗಿ, ಓದು, ಕೆಲಸ, ಸಂಬಂಧ ಹದಗೆಟ್ಟಿದ್ರೆ ಅದು ಕಾಯಿಲೆ. ‘ಪಾಪ ಮಾಡ್ಬಿಟ್ಟೆ’ ಅನ್ನೋ ಸಂಕಟ ಒಂದೇ ಸಾಲದು.

ಹತ್ತನೇ ಕ್ಲಾಸಿನ ಸಂತಾನೋತ್ಪತ್ತಿ ಪಾಠ ಬಂದಾಗ ‘ಮನೇಲಿ ಓದ್ಕೊಳ್ಳಿ’ ಅಂದ್ರೆ, ಹುಡುಗ ಓದೋದು ಪುಸ್ತಕಾನ? ಕ್ಯಾಮೆರಾಗೆ ಮಾಡಿದ ನಟನೆ ಅವನಿಗೆ ಪಾಠ ಆಗುತ್ತೆ. ‘ಒಪ್ಪಿಗೆ ಇದ್ಯಾ’ ಅಂತ ಕೇಳೋದು ಅದರಲ್ಲಿ ಹುಡುಕಿದರೂ ಸಿಗೋದು ಅಪರೂಪ.

ಫಿಲ್ಟರ್ ಬೇಕಂದ್ರೆ ಆಂಡ್ರಾಯ್ಡ್ ಸೆಟ್ಟಿಂಗ್ಸಲ್ಲಿ ‘ಪ್ರೈವೇಟ್ ಡಿಎನ್‌ಎಸ್’ ಹುಡುಕಿ, ಕ್ಲೌಡ್‌ಫ್ಲೇರ್‌ನ ಫ್ಯಾಮಿಲಿ ವಿಳಾಸ (family.cloudflare-dns.com) ಹಾಕಿ. ನೆಟ್ಟನ್ನ ಬೇರೆ ದಾರೀಲಿ ತಿರುಗಿಸೋ ವಿಪಿಎನ್ ಆ್ಯಪ್ ಹಾಕ್ಕೊಂಡ್ರೆ ಇದು ಲೆಕ್ಕಕ್ಕಿಲ್ಲ. ಸಿಗ್ನಲ್ ಅಲ್ಲಾಡೋ ಘಟ್ಟದ ಊರಲ್ಲಿ ಆ ಸರ್ವರ್ ಸಿಗದೆ ನೆಟ್ಟೇ ನಿಂತುಹೋಗಬಹುದು. ಆಗ ಮನೆಯವರೇ ಬೇಸತ್ತು ತೆಗೀತಾರೆ. ಇದಕ್ಕಿಂತ ಚಾರ್ಜರನ್ನ ಜಗಲಿಗೆ ತನ್ನಿ. ಅಪ್ಪ, ಅಮ್ಮ, ಮಕ್ಕಳು, ಎಲ್ಲರ ಫೋನೂ ರಾತ್ರಿ ಅಲ್ಲೇ. ‘ಅಲಾರಂ ಬೇಕು’ ಅಂದ್ರೆ ಗಡಿಯಾರ ತಂದುಕೊಡಿ.

ವಾಟ್ಸಾಪಲ್ಲಿ ‘ಮೀಡಿಯಾ ವಿಸಿಬಿಲಿಟಿ’ ಆಫ್ ಮಾಡಿ, ಗ್ರೂಪಿಗೆ ಬಂದದ್ದೆಲ್ಲ ಗ್ಯಾಲರಿಗೆ ಬರೋದು ನಿಲ್ಲುತ್ತೆ. ಮಕ್ಕಳ ಅಶ್ಲೀಲ ವಿಡಿಯೋ ಆದ್ರೆ ಕೇಸ್ ಬೀಳೋಕೆ ಫಾರ್ವರ್ಡ್ ಮಾಡಿರಲೇಬೇಕು ಅಂತಿಲ್ಲ. ಅಳಿಸದೆ, ದೂರು ಕೊಡದೆ ಇಟ್ಟುಕೊಂಡ್ರೂ ಪೋಕ್ಸೋ 15ನೇ ಸೆಕ್ಷನ್ ಕೇಸ್ ಆಗಬಹುದು. ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರಲ್ಲೇ ಇದನ್ನ ಬಿಡಿಸಿ ಹೇಳಿದೆ.

ಕೈ ಮೀರಿದೆ ಅನ್ಸಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡ್ಬಹುದು, ದುಡ್ಡಿಲ್ಲ. ‘ನಂಗೆ ಚಟ’ ಅಂತ ಒಂದೇ ಮಾತಲ್ಲಿ ಮುಗಿಸ್ಬೇಡಿ. ಎಷ್ಟು ಹೊತ್ತಿಗೆ, ಎಲ್ಲಿ ಕೂತಾಗ, ಅದಕ್ಕೆ ಮುಂಚೆ ಮನಸ್ಸು ಹೇಗಿತ್ತು, ನಿದ್ದೆ ಎಷ್ಟು ಕೆಟ್ಟಿದೆ, ಇಷ್ಟನ್ನ ಹೇಳಿ.